ಗಿಂಡಿ ಹಿಡಿದ ಕೈ

ಗೇಟು ತೆರೆದಾಗಿತ್ತು, ಆದರೂ ಅಪ್ಪನ ಕೈ ಚಿಲಕದ ಮೇಲೆಯೇ ಇತ್ತು. ಕಾರಿನ ಸ್ಟೀರಿಂಗ್ ಹಿಡಿದು ಕುಳಿತಿದ್ದ ಉದಯಶಂಕರ ಎಣಿಸತೊಡಗಿದ. ಒಂದು, ಎರಡು, ಮೂರು. ಎಣಿಸಬಾರದೆಂದು ತನಗೆ ತಾನೇ ಎಷ್ಟು ಸಲ ಬುದ್ಧಿ ಹೇಳಿಕೊಂಡರೂ ಮನಸ್ಸು ಕೇಳುತ್ತಿರಲಿಲ್ಲ. ಅಪ್ಪ ಏನನ್ನಾದರೂ ಹಿಡಿದರೆ ಸಾಕು, ತಲೆಯೊಳಗೆ ಎಣಿಕೆ ಶುರುವಾಗುತ್ತಿತ್ತು. ಏಳಕ್ಕೆ ಹೆಬ್ಬೆರಳು ಬಿಟ್ಟಿತು, ಒಂಬತ್ತಕ್ಕೆ ಉಳಿದವು. ಅಪ್ಪ ಏನೂ ಆಗದವನಂತೆ ಅಂಗೈಯನ್ನು ಪಂಚೆಗೆ ಉಜ್ಜಿಕೊಂಡು, ಚಿಲಕಕ್ಕೆ ಎಣ್ಣೆ ಬಿಡಬೇಕು ಎಂದು ಗೊಣಗುತ್ತ ಬಂದು ಮುಂದಿನ ಸೀಟಿನಲ್ಲಿ ಕೂತ. ಆ ಮಾತು ಅವರ ಮನೆಯಲ್ಲಿ ಮೂವತ್ತು ವರ್ಷದಿಂದ ಚಾಲ್ತಿಯಲ್ಲಿತ್ತು. ಚಿಲಕ ಎರಡು ಸಲ ಬದಲಾಗಿತ್ತು, ಮಾತು ಬದಲಾಗಿರಲಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ ಸೀತು ಕಿತ್ತಳೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೊರಡಲು ಅವಸರಪಡಿಸುತ್ತಿದ್ದಳು. ಹೋದ ಭಾನುವಾರ ತಂಗಿ ಅಕ್ಷಿತಾಳ ಸೀಮಂತ ಮುಗಿದಿತ್ತು. ಏಳು ತಿಂಗಳ ಬಸುರಿಯನ್ನು ಕಾಣಿಯೂರಿನ ಗಂಡನ ಮನೆಯಿಂದ ಕರೆದುಕೊಂಡು, ದಾರಿಯಲ್ಲೇ ಪುತ್ತೂರಿನಲ್ಲಿ ಇನ್ನೊಂದು ಸ್ಕ್ಯಾನಿಂಗ್ ಮಾಡಿಸಿ, ದರ್ಬೆಯ ತಾಯಿಮನೆಗೆ ತರುವುದೆಂದು ನಿಶ್ಚಯವಾಗಿತ್ತು. ಇನ್ನೊಂದು ಯಾಕೆಂದರೆ, ಹೊಟ್ಟೆಯೊಳಗೆ ನೀರು ಸ್ವಲ್ಪ ಜಾಸ್ತಿ ಕಾಣುತ್ತದಂತೆ. ಅಮ್ಮ ಇದನ್ನು ಫೋನಿನಲ್ಲಿ ಕೇಳಿ, ಜಾಸ್ತಿಯಾದರೆ ಎಂತ, ಕಮ್ಮಿಯಾದರಲ್ಲವಾ ಕಷ್ಟ ಎಂದು ನಿಶ್ಚಿಂತಳಾಗಿದ್ದಳು. ಕಾರಣ ಉದಯಶಂಕರನಿಗೆ ಗೊತ್ತಿತ್ತು. ಹೊಟ್ಟೆಯೊಳಗಿನ ಮಗು ನುಂಗದಿದ್ದರೆ ನೀರು ಹೆಚ್ಚುತ್ತದೆ, ನುಂಗಲಿಕ್ಕೆ ಸ್ನಾಯುವಿಗೆ ಬಲ ಬೇಕು. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಹುಡುಕಿದರೂ ಈ ಸಂಗತಿಯನ್ನು ಅವನಷ್ಟು ಬಲ್ಲವರು ಸಿಗಲಿಕ್ಕಿಲ್ಲ. ಬಲ್ಲದ್ದನ್ನು ಎರಡು ವರ್ಷದಿಂದ ಬಾಯಿಬಿಡದೆ ಇಟ್ಟುಕೊಂಡವರೂ ಸಿಗಲಿಕ್ಕಿಲ್ಲ.

ಏಳು ವರ್ಷ ಅವನು ಹೈದರಾಬಾದಿನ ಒಂದು ಲ್ಯಾಬಿನಲ್ಲಿ ಹರಳು ಬೆಳೆಸಿದ್ದ. ಮಗನಿಗೆ ಅಲ್ಲಿ ಎಂತ ಕೆಲಸ ಎಂದು ಯಾರಾದರೂ ಕೇಳಿದರೆ ಅಪ್ಪ, ಕಲ್ಲುಸಕ್ಕರೆ ಮಾಡುದು ಎಂದು ನಗಾಡುತ್ತಿದ್ದ. ಕೇಳಿದವರಿಗೆ ಅಷ್ಟು ಸಾಕಾಗುತ್ತಿತ್ತು. ನಿಜ ಹೇಳಲು ಹೊರಟರೆ ಉದ್ದವಾಗುತ್ತಿತ್ತು. ಮನುಷ್ಯನ ಜೀವಕೋಶದೊಳಗಿನ ಬರಹದಲ್ಲಿ ಒಂದು ಕಡೆ ಸಿ, ಯು, ಜಿ ಎಂಬ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. ನಮ್ಮ ನಿಮ್ಮಂಥವರಲ್ಲಿ ಐದು ಸಲವೋ ಹದಿನೈದು ಸಲವೋ ಬಂದು ನಿಲ್ಲುತ್ತದೆ. ಕೆಲವು ಮನೆಗಳಲ್ಲಿ ನಿಲ್ಲುವುದಿಲ್ಲ. ಅಜ್ಜನಿಗೆ ನೂರು, ಮಗಳಿಗೆ ಐನೂರು, ಆ ಮಗಳ ಹೊಟ್ಟೆಯ ಮಗುವಿಗೆ ಸಾವಿರ ದಾಟಿ ಎಷ್ಟೋ. ಅಷ್ಟುದ್ದದ ಆರ್‌ಎನ್‌ಎ ಎಳೆ ತನ್ನ ಮೇಲೆ ತಾನೇ ಮಡಚಿಕೊಂಡು ಏಣಿಯಾಗುತ್ತದೆ. ಸಿಗೆ ಜಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಯುಗೆ ಎದುರಾಗಿ ಯು ಬಂದಲ್ಲಿ ಮಾತ್ರ ಎರಡೂ ಪೂರ್ತಿ ಹತ್ತಿರವಾಗದೆ ನಿಲ್ಲುತ್ತವೆ, ನಡುವೆ ನೀರಿನ ಒಂದು ಅಣು. ಸ್ನಾಯುವಿನ ಕೆಲಸಕ್ಕೆ ಬೇಕಾದ ಪ್ರೋಟೀನೊಂದು ಈ ಏಣಿಗೆ ಸಿಕ್ಕಿಬಿದ್ದು ಮತ್ತೆ ತನ್ನ ಕೆಲಸಕ್ಕೆ ಹೋಗುವುದಿಲ್ಲ. ಆಗ ಮುಚ್ಚಿದ ಮುಷ್ಟಿ ಬೇಗ ಬಿಚ್ಚುವುದಿಲ್ಲ, ಎಳೆ ವಯಸ್ಸಿಗೇ ಕಣ್ಣಿಗೆ ಪೊರೆ ಬರುತ್ತದೆ, ಹೃದಯ ಹೇಳದೆ ಕೇಳದೆ ನಿಲ್ಲುತ್ತದೆ. ಉದಯಶಂಕರ ಆ ಎಳೆಯ ಒಂದು ಚೂರನ್ನು ಹನಿ ದ್ರಾವಣದಲ್ಲಿ ತಣ್ಣಗಿನ ಕೋಣೆಯೊಳಗೆ ತಿಂಗಳುಗಟ್ಟಲೆ ಕಾದು ಹರಳಾಗಿಸಿದ. ಎಕ್ಸ್‌ರೇ ಹಾಯಿಸಿ ಒಂದೊಂದು ಅಣುವಿನ ಜಾಗ ಕಂಡುಹಿಡಿದ. ಏಣಿ ಮೊದಲ ಸಲ ಪರದೆಯ ಮೇಲೆ ಮೂಡಿದ ದಿನ ಅವನಿಗೆ ಅನಿಸಿದ್ದು ಚಂದ ಎಂದು. ಅದು ಯಾರದ್ದೋ ಕೈಕಾಲು ಹಿಡಿಯುವ ಕಾಯಿಲೆ ಎಂಬುದು ಸಂಶೋಧನಾ ಪೇಪರಿನ ಮೊದಲ ಎರಡು ಸಾಲಿಗೆ ಬೇಕಾದ ಮಾತಾಗಿತ್ತು, ಅಷ್ಟೆ. ಆ ಪೇಪರೂ ಎಲ್ಲಿಗೂ ಮುಟ್ಟಲಿಲ್ಲ. ಬೇರೆ ದೇಶದವರು ಎರಡು ತಿಂಗಳು ಮೊದಲೇ ಅದೇ ಏಣಿಯನ್ನು ಇನ್ನೂ ಸ್ಪಷ್ಟವಾಗಿ ಕಂಡು ಪ್ರಕಟಿಸಿಬಿಟ್ಟರು. ಗೈಡ್ ನಮಸ್ಕಾರಕ್ಕೆ ತಲೆ ಆಡಿಸುವುದನ್ನೂ ಬಿಟ್ಟರು. ಗುತ್ತಿಗೆ ಮುಗಿಯಿತು. ಈಗ ಪುತ್ತೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಮಕ್ಕಳು ಹಿಂದಿನಿಂದ ಕಲ್ಲುಸಕ್ಕರೆ ಸಾರ್ ಎನ್ನುವುದು ಅವನ ಕಿವಿಗೆ ಬಿದ್ದಿತ್ತು.

ಸವಣೂರು ದಾಟುವಷ್ಟರಲ್ಲಿ ಅಪ್ಪ ಬಾಯಿ ತೆರೆದು ನಿದ್ದೆಹೋಗಿದ್ದ. ಬೆಳಿಗ್ಗೆ ಒಂಬತ್ತೂವರೆಗೆ, ರಾತ್ರಿಯಿಡೀ ಮಲಗಿ ಎದ್ದವನಿಗೆ, ಮತ್ತೆ ನಿದ್ದೆ. ಅದೂ ಆ ಕಾಯಿಲೆಯ ಲಕ್ಷಣಗಳ ಪಟ್ಟಿಯಲ್ಲಿತ್ತು. ಚಿಕ್ಕವನಿದ್ದಾಗ ಉದಯಶಂಕರ ಇದೇ ಮುಖವನ್ನು ಉಪ್ಪಿನಂಗಡಿ-ಗುಂಡ್ಯ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕಂಡು ಹೆಮ್ಮೆಪಟ್ಟಿದ್ದ. ಜನವರಿಯ ಚಳಿಗೆ ಗುಂಡ್ಯದಲ್ಲಿ ಬಸ್ಸು ನಿಂತರೆ ಅಪ್ಪ ದೂಮಣ್ಣ ರೈಗಳ ಕೈ ಗೇರ್ ಲಿವರಿನ ಗುಂಡನ್ನು ಬಿಟ್ಟು ಬರುತ್ತಿರಲಿಲ್ಲ. ಕಂಡಕ್ಟರ್ ರವೂಫ್ ಬಂದು ಒಂದೊಂದೇ ಬೆರಳು ಬಿಡಿಸಿ, ರೈಗಳಿಗೆ ಬಸ್ಸಿನ ಮೇಲೆ ಪ್ರೀತಿ ಜಾಸ್ತಿ ಮಾರಾಯ್ರೆ ಎಂದು ಪ್ರಯಾಣಿಕರನ್ನೆಲ್ಲ ನಗಿಸಿ, ಬಿಸಿ ಚಹಾದ ಗ್ಲಾಸನ್ನು ಆ ಕೈಯೊಳಗೆ ಇಡುತ್ತಿದ್ದ. ಡ್ರೈವರ್ ಆದವರ ಕೈಯೇ ಹಾಗೆ ಎಂದು ಹುಡುಗ ತಿಳಿದಿದ್ದ. ಮನೆಗೆ ಬಂದು ಕೋಲನ್ನು ಹಿಡಿದು ಬಿಡಲು ಬಾರದವನಂತೆ ಆಟ ಆಡುತ್ತಿದ್ದ. ನಲವತ್ತೆರಡಕ್ಕೇ ಕಣ್ಣಿಗೆ ಪೊರೆ ಬಂದು ಅಪ್ಪ ಬಸ್ಸಿನಿಂದ ಇಳಿದ. ಗುಂಡ್ಯದಲ್ಲಿ ಅಪ್ಪನ ಅಕ್ಕ ಈಶ್ವರಿ ಇದ್ದಳು. ನಲವತ್ತೆಂಟಕ್ಕೆ, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಇನ್ನೊಂದು ಕಾಲಿಡಲಿಲ್ಲ. ಅದಕ್ಕೂ ಮೊದಲು ಅವಳ ಮಗಳಿಗೆ ಒಂದು ಕೂಸು ಹುಟ್ಟಿ, ಮೊಲೆ ಚೀಪಲಿಕ್ಕೆ ಬಾರದೆ, ಅಳಲಿಕ್ಕೂ ಬಾರದೆ ಮೂರನೆಯ ದಿನ ತೀರಿಕೊಂಡಿತ್ತು. ಅಮ್ಮ ಎರಡು ಸಾವಿಗೂ ಹೋಗಿ, ಅತ್ತು, ಬಂದು ಸ್ನಾನ ಮಾಡಿ ಅಡಿಗೆಗೆ ನಿಂತಿದ್ದಳು. ಸೂತಕ ಅವರಿಗಿಲ್ಲ. ಅವರಲ್ಲಿ ಮಕ್ಕಳಿಗೆ ಬಳಿ, ಅಂದರೆ ಗೋತ್ರ, ತಾಯಿಯದ್ದು, ಕುಟುಂಬ ತಾಯಿಯದ್ದು, ದೈವ ತಾಯಿಮನೆಯದ್ದು; ಅಪ್ಪನ ಕಡೆಯವರು ಎಷ್ಟೇ ಬೇಕಾದವರಾದರೂ ಬೇರೆ ಮನೆಯವರು. ಲ್ಯಾಬಿನಲ್ಲಿ ಒಮ್ಮೆ ಎಲ್ಲರೂ ತಮಾಷೆಗೆ ತಂತಮ್ಮ ವಂಶದ ಮರ ಬರೆದಾಗ ಉದಯಶಂಕರ ಅಮ್ಮನಿಗೆ ಫೋನ್ ಹಚ್ಚಿ, ಐದು ತಲೆಮಾರು, ನಲವತ್ತಮೂರು ಹೆಸರು ಬರೆದಿದ್ದ. ಅಷ್ಟು ದೊಡ್ಡ ಮರ ಇನ್ನೊಬ್ಬರದ್ದಿರಲಿಲ್ಲ. ಆ ಮರದ ಅಂಚಿನಲ್ಲಿ ಅಪ್ಪ ಒಂದು ಒಂಟಿ ಚೌಕವಾಗಿದ್ದ. ಮೇಲೆ ಯಾರೂ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ. ಏಣಿಯ ಒಂದೊಂದು ಅಣುವನ್ನು ಗುರುತಿಸಿದವನಿಗೆ ಆ ಖಾಲಿ ಜಾಗ ಕಣ್ಣಿಗೆ ಬೀಳಲಿಲ್ಲ.

ಕಾಣಿಯೂರಿನಲ್ಲಿ ಅಕ್ಷಿತಾ ಹೊರಟು ನಿಂತಿದ್ದಳು. ಭಾವ ರಿತೇಶ್ ಬಾಡಿಗೆಗೆ ಪಿಕಪ್ ತೆಗೆದುಕೊಂಡು ಹಾಸನಕ್ಕೆ ಹೋಗಿದ್ದ, ಸಂಜೆ ನೇರ ಪುತ್ತೂರಿಗೆ ಬರುವವನಿದ್ದ. ಅವಳ ಮುಖ ಉಬ್ಬಿತ್ತು, ಹೊಟ್ಟೆ ಏಳು ತಿಂಗಳಿಗೆ ತೀರ ದೊಡ್ಡದಿತ್ತು. ಉದಯಶಂಕರ ಅವಳ ಬ್ಯಾಗನ್ನು ತೆಗೆದುಕೊಳ್ಳುವಾಗ ಅವಳು ಅದನ್ನು ನೆಲಕ್ಕೆ ಇಡುವವರೆಗೆ ಕಾದ. ಎರಡು ವರ್ಷದಿಂದ ಅವನು ತಂಗಿಯ ಕೈಗೆ ಏನನ್ನೂ ಕೊಟ್ಟದ್ದಿಲ್ಲ, ಅವಳ ಕೈಯಿಂದ ಏನನ್ನೂ ತೆಗೆದುಕೊಂಡದ್ದಿಲ್ಲ. ಚಹಾ ಆದರೆ ಮೇಜಿನ ಮೇಲೆ, ಸೀರೆ ಆದರೆ ಮಂಚದ ಮೇಲೆ. ರಕ್ಷಾಬಂಧನದ ದಿನ ಕಾಲೇಜಿನಲ್ಲಿ ಕೆಲಸ. ಅವಳ ಮುಖ ನೋಡಿ ಮಾತಾಡುತ್ತಿದ್ದ, ನಗಾಡುತ್ತಿದ್ದ, ಕೈಯನ್ನು ಮಾತ್ರ ನೋಡುತ್ತಿರಲಿಲ್ಲ. ನೋಡಿದರೆ ಗೊತ್ತಾಗುತ್ತದೆ, ಗೊತ್ತಾದರೆ ಹೇಳಬೇಕಾಗುತ್ತದೆ. ಹಿಂದಿನ ಸೀಟಿನಲ್ಲಿ ಅವಳು ನೀರಿನ ಬಾಟಲಿ ತೆರೆಯುವ ಸದ್ದು ಕೇಳಿ ಅವನು ಕನ್ನಡಿಯನ್ನು ಸರಿಮಾಡುವ ನೆಪದಲ್ಲಿ ಮೇಲಕ್ಕೆ ತಿರುಗಿಸಿದ. ಪಾಪು ಒದೆಯುವುದಾ ಎಂದು ಅಮ್ಮ ಕೇಳುತ್ತಿದ್ದಳು. ಒದೆಯುದು ಕಮ್ಮಿ, ಒಮ್ಮೊಮ್ಮೆ ಸುಮ್ಮನೆ ಹೊರಳಿದ ಹಾಗಾಗುದು ಎಂದು ಅಕ್ಷಿತಾ ಹೇಳಿದಳು. ನಮ್ಮಲ್ಲಿ ಮಕ್ಕಳೆಲ್ಲ ಹಾಗೆಯೇ, ಸಾಧು ಎಂದು ಅಮ್ಮ ಮೆಚ್ಚಿ ತಲೆಯಾಡಿಸಿದಳು. ಉದಯಶಂಕರನ ಬೆನ್ನು ಬೆವತಿತ್ತು.

ಅಕ್ಷಿತಾಳ ಮದುವೆಯ ಧಾರೆಯ ದಿನವೂ ಹೀಗೇ ಬೆವತಿದ್ದ. ಮದುವೆ ಹಾಲಿನ ವೇದಿಕೆಯ ಮೇಲೆ ಗಂಡು ಹೆಣ್ಣಿನ ಜೋಡಿಸಿದ ಕೈಗಳ ಮೇಲೆ ಅಪ್ಪ ಗಿಂಡಿಯಿಂದ ನೀರೆರೆದ. ಎರೆದು, ಗಿಂಡಿಯನ್ನು ಸೋದರಮಾವನಿಗೆ ಕೊಡಬೇಕು. ಮಾವ ಕೈ ಚಾಚಿದ್ದ. ಅಪ್ಪನ ಕೈ ಬಿಡಲಿಲ್ಲ. ಮಾವ ಮೆಲ್ಲಗೆ ಎಳೆದ, ಆಗಲೂ ಬಿಡಲಿಲ್ಲ. ಪುರೋಹಿತರು ಮಂತ್ರ ನಿಲ್ಲಿಸಿದರು. ಮಗಳನ್ನು ಬಿಟ್ಟುಕೊಡಲಿಕ್ಕೆ ರೈಗಳಿಗೆ ಮನಸ್ಸು ಬರುವುದಿಲ್ಲ ಎಂದು ಯಾರೋ ಅಂದರು, ಹಾಲಿಡೀ ನಕ್ಕಿತು, ಹೆಂಗಸರು ಕಣ್ಣೊರೆಸಿಕೊಂಡರು, ಅಕ್ಷಿತಾ ಅಪ್ಪನ ಮುಖ ನೋಡಿ ಬಿಕ್ಕಿ ಅತ್ತಳು. ಫೋಟೋದವನು ಆ ಕ್ಷಣವನ್ನು ಹಿಡಿದ. ಅದು ಈಗ ಕಟ್ಟುಹಾಕಿಸಿ ನಡುಮನೆಯಲ್ಲಿದೆ. ಫೋಟೋದ ಬಲತುದಿಯಲ್ಲಿ ಒಬ್ಬ ಮಾತ್ರ ನಗುವುದೂ ಇಲ್ಲ, ಅಳುವುದೂ ಇಲ್ಲ, ಗಿಂಡಿಯನ್ನು ನೋಡುತ್ತಿದ್ದಾನೆ. ಅವನು ಆ ದಿನ ಮೊದಲ ಸಲ ಎಣಿಸಿದ. ಹದಿನಾಲ್ಕು. ಅದೇ ತಿಂಗಳು ಲ್ಯಾಬಿಗೆ ಬಂದಿದ್ದ ರೋಗಿಯೊಬ್ಬ ಅವನ ಕೈ ಕುಲುಕಿ ಬಿಡಲಾಗದೆ, ಕ್ಷಮಿಸಿ ಸಾರ್ ಎಂದು ನಾಚಿದ್ದು ನೆನಪಾಯಿತು. ಪೊರೆ, ನಿದ್ದೆ, ಗುಂಡ್ಯದ ಅತ್ತೆ, ಅಳಲಿಕ್ಕೆ ಬಾರದ ಕೂಸು, ಎಲ್ಲ ಒಂದರ ಪಕ್ಕ ಒಂದು ಬಂದು ಕೂತವು. ಆದರೆ ಅವನ ಎದೆಯಲ್ಲಿ ಮೊದಲು ಎದ್ದ ಮಾತು ಅಪ್ಪ ಎಂದಲ್ಲ, ಅಕ್ಷಿತಾ ಎಂದೂ ಅಲ್ಲ. ನಾನು, ಎಂದು. ಮದುವೆಯ ಊಟ ಮುಗಿಸಿ ಎಲೆ ಮಡಚುವಾಗಲೇ ತನ್ನ ಮುಷ್ಟಿಯನ್ನು ಮೇಜಿನ ಕೆಳಗೆ ಹತ್ತು ಸಲ ಮುಚ್ಚಿ ಬಿಚ್ಚಿ ನೋಡಿಕೊಂಡಿದ್ದ. ಹೈದರಾಬಾದಿಗೆ ಹೋದವನು ಗೆಳೆಯನೊಬ್ಬನ ಮೂಲಕ, ಹೆಸರಿಲ್ಲದ ಸೀಸೆಯಲ್ಲಿ, ತನ್ನ ರಕ್ತ ಪರೀಕ್ಷೆಗೆ ಕಳಿಸಿದ. ಉತ್ತರ ಬಂತು. ತಂದೆ ತಾಯಿಯರಿಂದ ಬಂದ ಎರಡು ಪ್ರತಿಗಳಲ್ಲಿ ಆ ಮೂರಕ್ಷರ ಒಂದರಲ್ಲಿ ಐದು ಸಲ, ಇನ್ನೊಂದರಲ್ಲಿ ಹದಿಮೂರು. ಅವನಿಗಿಲ್ಲ. ಆ ಮಧ್ಯಾಹ್ನ ಅವನು ಒಬ್ಬನೇ ಹೋಗಿ ಹೊಟ್ಟೆ ಬಿರಿಯುವಷ್ಟು ಬಿರಿಯಾನಿ ತಿಂದು, ಕೋಣೆಗೆ ಬಂದು, ಸಂತೋಷಕ್ಕೆ ಅತ್ತ. ತಂಗಿಗೆ ಫೋನ್ ಮಾಡಬೇಕು ಎಂದು ಅನಿಸಿದ್ದು ಸಂಜೆಗೆ. ಅವರು ಹೊಸ ಮದುವೆಯವರು, ಕೊಡಗಿಗೆ ಹೋಗಿದ್ದರು. ಬಂದ ಮೇಲೆ ಹೇಳಿದರಾಯಿತು. ಬಂದ ಮೇಲೆ, ರಿತೇಶನ ಮನೆಯವರು ಕಾಯಿಲೆಯ ಹೆಣ್ಣನ್ನು ದಾಟಿಸಿದಿರಿ ಎಂದರೆ? ಅಮ್ಮ ತಡೆದುಕೊಂಡಾಳೆ? ಅವಳಿಗೆ ಇರಲೇಬೇಕು ಎಂದೇನಿಲ್ಲ, ಅರ್ಧಕ್ಕರ್ಧ. ತನಗೆ ಬಾರದ್ದು ಅವಳಿಗೂ ಬಾರದಿರಬಹುದು. ಹೀಗೆ ಒಂದೊಂದು ತಿಂಗಳಿಗೂ ಒಂದೊಂದು ಸಬೂಬು ಹುಟ್ಟಿ, ಕೊನೆಗೆ ಒಂದು ದಿನ ಅಮ್ಮ ಸಿಹಿ ಹಂಚಿದಳು, ಅಕ್ಷಿತಾಳಿಗೆ ಮೂರು ತಿಂಗಳೆಂದು.

ಸ್ಕ್ಯಾನಿಂಗ್ ಸೆಂಟರಿನಲ್ಲಿ ಅಪ್ಪ ಹೊರಗಿನ ಬೆಂಚಿನಲ್ಲಿ ಕೂತವನೇ ಗೋಡೆಗೊರಗಿ ನಿದ್ದೆಹೋದ. ಡಾಕ್ಟರ್ ಆಯಿಶತ್ ಶಿಫಾ ಚಿಕ್ಕ ವಯಸ್ಸಿನವಳು, ಮೆಲುಮಾತಿನವಳು. ಪರದೆಯನ್ನು ತುಂಬ ಹೊತ್ತು ನೋಡಿದಳು; ಹೊಟ್ಟೆಯ ಮೇಲೆ ಆ ಕಡೆ ಈ ಕಡೆ ಒತ್ತಿ, ಕಾದು, ಮತ್ತೆ ಒತ್ತಿದಳು. ಪರದೆಯ ಬೂದು ಬಣ್ಣದೊಳಗೆ ಮಗು ಇತ್ತು. ಎದೆ ಮಿಡಿಯುತ್ತಿತ್ತು. ಎರಡೂ ಪಾದ ಒಳಕ್ಕೆ ತಿರುಚಿಕೊಂಡಿದ್ದವು. ಕಾಲು ಚಾಚುವುದಿಲ್ಲ, ಬಾಯಿ ಆಡಿಸುವುದಿಲ್ಲ. ಉದಯಶಂಕರ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ. ಡಾಕ್ಟರ್ ಅಕ್ಷಿತಾಳನ್ನು ಎಬ್ಬಿಸಿ ಕೂರಿಸಿ, ನೀರು ಇನ್ನೂ ಜಾಸ್ತಿಯಾಗಿದೆ, ಮಗುವಿನ ಓಡಾಟ ಕಮ್ಮಿ ಎಂದು ಹೇಳಿ, ಅಮ್ಮನ ಕಡೆ ತಿರುಗಿದಳು.

"ಮನೆಯಲ್ಲಿ ಯಾರಿಗಾದರೂ ಸ್ನಾಯುವಿನದ್ದು, ನರದ್ದು ಕಾಯಿಲೆ ಉಂಟಾ? ಮಕ್ಕಳು ಹುಟ್ಟಿ ತೀರಿಕೊಂಡದ್ದು?"

"ನಮ್ಮಲ್ಲಿ ಯಾರಿಗೂ ಇಲ್ಲ ಡಾಕ್ಟ್ರೆ," ಅಮ್ಮ ತಟ್ಟನೆ ಹೇಳಿದಳು. "ನಂಗೆ ಐದು ತಲೆಮಾರು ಗೊತ್ತುಂಟು. ನನ್ನ ಅಜ್ಜಿ ತೊಂಬತ್ತೊಂದಕ್ಕೆ ಹೋದದ್ದು, ಅದೂ ಬಿದ್ದು."

ಸುಳ್ಳಿನ ಲವಲೇಶವೂ ಆ ಮುಖದಲ್ಲಿರಲಿಲ್ಲ. ಮೂರು ದಿನದ ಆ ಕೂಸನ್ನು ತನ್ನ ಕೈಯಲ್ಲೇ ಎತ್ತಿಕೊಂಡು ಅತ್ತವಳು ಅವಳು. ಆದರೆ ಡಾಕ್ಟರ್ ಕೇಳಿದ್ದು ಮನೆಯಲ್ಲಿ ಯಾರಿಗಾದರೂ ಎಂದು. ಆ ಕೂಸು ಬೇರೆಯವರದ್ದು. ಗಂಡ ಬೇರೆಯವರ ಮಗ. ಡಾಕ್ಟರ್ ಇಲ್ಲ ಎಂದು ಬರೆದುಕೊಂಡಳು. ಆ ಪದ ಕಾಗದದ ಮೇಲೆ ಬೀಳುವುದನ್ನು ಉದಯಶಂಕರ ನೋಡಿದ. ಈ ಕಾಗದ ಹೆರಿಗೆಯ ಡಾಕ್ಟರ ಮೇಜಿಗೆ ಹೋಗುತ್ತದೆ. ಇಲ್ಲಿಯೇ ಪುತ್ತೂರಿನಲ್ಲಿ, ಹತ್ತಿರದ ನರ್ಸಿಂಗ್ ಹೋಮಿನಲ್ಲಿ, ಅಮ್ಮ ಬೇಕೆಂದ ಕೋಣೆಯಲ್ಲಿ ಹೆರಿಗೆಯಾಗುತ್ತದೆ. ಹುಟ್ಟಿದ ಮಗು ಅಳುವುದಿಲ್ಲ. ಉಸಿರಾಡಿಸುವ ಯಂತ್ರ ಮಂಗಳೂರಿನಲ್ಲಿರುತ್ತದೆ, ಮಗು ಇಲ್ಲಿರುತ್ತದೆ. ಇಷ್ಟೆಲ್ಲ ಕಣ್ಣಿಗೆ ಕಟ್ಟಿದರೂ ಅವನು ಬಾಗಿಲು ತೆರೆದು ಹಿಡಿದ. ಎಲ್ಲರೂ ಹೊರಗೆ ಬಂದರು. ಅಮ್ಮ ಬೆಂಚಿನ ಮೇಲೆ ಕೂತು ಕಿತ್ತಳೆ ಸುಲಿಯತೊಡಗಿದಳು. ಅಪ್ಪ ನಿದ್ದೆಯಲ್ಲೇ ಬೆಂಚಿನ ಕಬ್ಬಿಣದ ಹಿಡಿಯನ್ನು ಹಿಡಿದಿದ್ದ. ಉದಯಶಂಕರ ಆ ಕೈಯನ್ನು ನೋಡಿದ. ಎಣಿಸಲು ಏನೂ ಇರಲಿಲ್ಲ, ಅದು ಬಿಡುವ ಯತ್ನದಲ್ಲೇ ಇರಲಿಲ್ಲ. ಅವನು ಹಿಂದಿರುಗಿ, ಬಾಗಿಲು ತಳ್ಳಿ ಒಳಗೆ ಹೋದ.

ಇದೆ ಮೇಡಂ, ನಮ್ಮ ಅಪ್ಪನಿಗೆ, ಎಂದ. ಕಾಯಿಲೆಯ ಹೆಸರು ಹೇಳಿದ. ಡಾಕ್ಟರ್ ಪೆನ್ನು ಕೆಳಗಿಟ್ಟು, ನಿಮಗೆ ಹೇಗೆ ಗೊತ್ತು ಎಂದು ಕೇಳಿದಳು. ಅಷ್ಟೇ ಸಾಕಾಯಿತು. ಪುತ್ತೂರಿಗೆ ಬಂದ ಮೇಲೆ ಯಾರೂ ಅವನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಸ್ಕ್ಯಾನಿಂಗಿನ ಲಕೋಟೆಯನ್ನು ತಿರುಗಿಸಿ ಅದರ ಬೆನ್ನ ಮೇಲೆ ಏಣಿ ಬರೆದ. ಸಿ ಇಲ್ಲಿ, ಜಿ ಇಲ್ಲಿ, ಇಲ್ಲಿ ನೋಡಿ ಯು-ಯು, ಇಲ್ಲಿ ನೀರು. ಈ ನೀರನ್ನು ಕಾಣಲಿಕ್ಕೆ ತನಗೆ ಹದಿನಾಲ್ಕು ತಿಂಗಳು ಹಿಡಿದದ್ದು, ತಾಪ ಒಂದು ಡಿಗ್ರಿ ಏರಿದರೂ ಹರಳು ಕರಗುತ್ತಿದ್ದದ್ದು, ಬೇರೆ ದೇಶದವರು ಎರಡೇ ತಿಂಗಳು ಮುಂದಾದದ್ದು ಎಲ್ಲ ಹೇಳಿದ. ತಂದೆಗೆ ಕಮ್ಮಿ ಇದ್ದರೂ ಮಗಳಿಗೆ ಹೆಚ್ಚುತ್ತದೆ, ಮಗಳ ಮಗುವಿಗೆ ಅತಿ ಹೆಚ್ಚು, ಹುಟ್ಟುತ್ತಲೇ ಕಾಣಿಸುವ ಬಗೆ ತಾಯಿಯಿಂದಲೇ ಬರುವುದು ಎಂದ. ಅವನ ದನಿ ತಾನಾಗಿಯೇ ಏರಿತ್ತು. ಕ್ಲಾಸಿನಲ್ಲೂ ಅಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ. ಡಾಕ್ಟರ ಕಣ್ಣು ತನ್ನ ಹೆಗಲ ಆಚೆ ಏನನ್ನೋ ನೋಡುತ್ತಿದೆ ಎಂಬುದು ತಿಳಿಯುವಾಗ ತಡವಾಗಿತ್ತು. ಬಾಗಿಲಲ್ಲಿ ಅಕ್ಷಿತಾ ನಿಂತಿದ್ದಳು. ಮಂಚದ ಮೇಲೆ ಮರೆತ ಫೋನ್ ತೆಗೆದುಕೊಳ್ಳಲು ಬಂದವಳು. ಎಲ್ಲ ಕೇಳಿದ್ದಳು.

ಡಾಕ್ಟರ್ ಎದ್ದು ಅವಳನ್ನು ಕೂರಿಸಿದಳು. ಈಗಲೇ ಹೇಳಿದ್ದು ಒಳ್ಳೆಯದಾಯಿತು, ಹೆರಿಗೆಯನ್ನು ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲೇ ಮಾಡಿಸಬೇಕು, ಅಲ್ಲಿ ಮಕ್ಕಳನ್ನು ಉಸಿರಾಡಿಸುವ ವ್ಯವಸ್ಥೆ ಉಂಟು, ತಾನೇ ಫೋನ್ ಮಾಡುತ್ತೇನೆ ಎಂದಳು. ಮಗು ಉಳಿಯುತ್ತದೆ ಎಂದು ಹೇಳಲಿಲ್ಲ, ಉಳಿಯುವುದಿಲ್ಲ ಎಂದೂ ಹೇಳಲಿಲ್ಲ. ಆಮೇಲೆ ತನ್ನ ಎರಡು ಬೆರಳು ಚಾಚಿ, ಇದನ್ನು ಗಟ್ಟಿ ಹಿಡಿದು ಬಿಡಿ ನೋಡುವ ಎಂದಳು.

"ನಿಮ್ಮದು ಬೇಡ ಡಾಕ್ಟ್ರೆ," ಅಕ್ಷಿತಾ ಹೇಳಿದಳು. "ಅಣ್ಣನದ್ದು ಹಿಡೀತೇನೆ."

ಹಿಡಿದಳು. ಅವಳ ಕೈ ತಣ್ಣಗಿತ್ತು, ಬಳೆಗಳು ಸೀಮಂತದವು. ಡಾಕ್ಟರ್ ಬಿಡಿ ಎಂದಳು. ಒಂದು, ಎರಡು, ಮೂರು. ನಾಲ್ಕಕ್ಕೆ ಅವಳು ಮಾತಾಡಿದಳು.

"ಕಾಲೇಜಿಗೆ ಹೋಗುವಾಗಿಂದ ಹೀಗೆ. ನಲ್ಲಿ ತಿರುಗಿಸಿದ್ರೆ, ಕತ್ತಿ ಹಿಡಿದ್ರೆ. ಅಪ್ಪನ ಹಾಗೆ ಅಂತ ನಂಗೆ ಖುಷಿಯೇ ಇತ್ತು." ಅವನ ಮುಖವನ್ನು ನೋಡಿದಳು. "ನೀನು ಎಣಿಸ್ತಾ ಇದ್ದಿ."

ಅವನು ಎಣಿಸುವುದನ್ನು ನಿಲ್ಲಿಸಲು ನೋಡಿದ, ಆಗಲಿಲ್ಲ.

"ನಿಂದು ನೋಡಿಸಿದ್ದಿಯಾ?"

"ಹೂಂ."

"ಉಂಟಾ?"

"ಇಲ್ಲ."

"ಯಾವಾಗ ನೋಡಿಸಿದ್ದು?"

ಹೊರಗಿನಿಂದ ಅಮ್ಮ, ಕಿತ್ತಳೆ ಸುಲಿದಾಯ್ತು, ಬಾ ಎಂದು ಕರೆದಳು. ಸುಳ್ಳು ಹೇಳಬಹುದಿತ್ತು. ಹೋದ ತಿಂಗಳು ಎನ್ನಬಹುದಿತ್ತು. ಅವಳ ಬೆರಳುಗಳ ಒಳಗಿದ್ದ ತನ್ನ ಕೈಯನ್ನು ನೋಡುತ್ತ ಅವನು ಹೇಳಿದ.

"ನಿನ್ನ ಮದುವೆ ಕಳೆದು ಮೂರು ವಾರಕ್ಕೆ."

ಅಕ್ಷಿತಾ ಹೊಟ್ಟೆಯ ಮೇಲೆ ಇನ್ನೊಂದು ಕೈ ಇಟ್ಟಳು. ಆಮೇಲೆ ಅವನಿಂದ ಕೈ ಎಳೆದುಕೊಳ್ಳಲು ನೋಡಿದಳು. ಭುಜ ಹಿಂದೆ ಹೋಯಿತು, ಮೊಣಕೈ ಹೋಯಿತು, ಬೆರಳು ಬರಲಿಲ್ಲ. ಇನ್ನೊಮ್ಮೆ ಎಳೆದಳು, ಈ ಸಲ ಸಿಟ್ಟಿನಿಂದ, ಅವನ ಕೈಯೂ ಅದರ ಜೊತೆಗೇ ಹೋಯಿತು. ರವೂಫ್ ಮಾಡುತ್ತಿದ್ದ ಹಾಗೆ ಒಂದೊಂದೇ ಬೆರಳು ಬಿಡಿಸಲು ಅವನು ಎಡಗೈ ತಂದ.

"ಮುಟ್ಟಬೇಡ," ಅಂದಳು.

ಅವನು ಎಡಗೈ ಹಿಂದಕ್ಕೆ ತೆಗೆದ. ಅವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಬೆರಳುಗಳು ತಾವಾಗಿ ಬಿಚ್ಚುವವರೆಗೆ ಇಬ್ಬರೂ ಹಾಗೆಯೇ ಕೂತಿದ್ದರು.